ಧನಲಕ್ಷ್ಮಿ ಕಳಿಸಿದ ವಾಯ್ಸ್ ಮೆಸೇಜು

ಮಲ್ಲೇನಕಟ್ಟೆಯ ಜನಕ್ಕೆ ಧನಲಕ್ಷ್ಮಿಯ ಮುಖಕ್ಕಿಂತ ಅವಳ ದನಿಯೇ ಹೆಚ್ಚು ಪರಿಚಯ. ಲಾಕ್‌ಡೌನ್ ಬಂದ ವರ್ಷ ಊರಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಎಲ್ಲಿಂದಲೋ ಬಂದದ್ದನ್ನು ಇನ್ನೆಲ್ಲಿಗೋ ದಾಟಿಸುತ್ತಿದ್ದರು. ಬಿಸಿನೀರಿಗೆ ಅರಿಶಿನ ಹಾಕಿ ಕುಡಿದರೆ ಸಾಕಂತೆ, ಬಿಸಿಲಲ್ಲಿ ನಿಂತರೆ ಹತ್ತಿರ ಬರುವುದಿಲ್ಲವಂತೆ, ಹೀಗೆ ದಿನಕ್ಕೆ ನೂರು. ಅವಳೊಬ್ಬಳು ಮಾತ್ರ ತಾನೇ ಮಾತಾಡಿ ಕಳಿಸುತ್ತಿದ್ದಳು. “ನಾಳೆ ಒಂಬತ್ತು ಗಂಟೆಗೆ ರೇಷನ್ ಕೊಡ್ತಾರೆ. ಎಲ್ರೂ ಒಂದೇ ಸಲ ಬರಬ್ಯಾಡಿ. ಚೀಲ ಸಾಲಿಗಿಟ್ಟು ದೂರ ನಿಂತ್ಕಳಿ.” ಇಷ್ಟೇ. ಓದು ಬಾರದ ಮುದುಕಿಯರೂ ಮೊಮ್ಮಕ್ಕಳ ಕೈಲಿ ಫೋನು ಕೊಟ್ಟು, “ಆ ಹುಚ್ಚಯ್ಯನ ಸೊಸೆ ಏನಂದ್ಲು, ಹಾಕು” ಎಂದು ಕೇಳಿಸಿಕೊಳ್ಳುತ್ತಿದ್ದರು.

ಹೊಲಿಗೆ ಕಲಿತವಳು. ಹಳೆಯ ಪಂಚೆ, ಸೀರೆಗಳನ್ನು ಕತ್ತರಿಸಿ ಮಾಸ್ಕ್ ಹೊಲಿದು ಇಡೀ ಊರಿಗೆ ಹಂಚಿದ್ದಳು. ಗಂಡ ಕೀರ್ತಿರಾಜ್ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್, ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗಿಬರುವ ಬಸ್ಸು. ಮಾವ ಹುಚ್ಚಯ್ಯ ಗೊರೂರಿನ ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೀಗಾಗಿ ಆ ವರ್ಷದ ಡಿಸೆಂಬರಿನಲ್ಲಿ ಪಂಚಾಯ್ತಿ ಚುನಾವಣೆ ಬಂದು, ಅವರ ವಾರ್ಡಿನ ಎರಡು ಸೀಟಿನಲ್ಲಿ ಒಂದು ಪರಿಶಿಷ್ಟ ಜಾತಿಯ ಹೆಂಗಸರಿಗೆ ಮೀಸಲು ಎಂದಾದಾಗ, ಸ್ವಸಹಾಯ ಸಂಘದ ಹೆಂಗಸರು ಮೊದಲು ಹೇಳಿದ ಹೆಸರು ಅವಳದೇ.

ಎರಡನೆಯ ಸೀಟಿಗೆ ನಿಂತವರು ದೇವರಾಜು. ನಾಲೆಯ ಬದಿಯ ಗದ್ದೆಗಳಲ್ಲಿ ಅರ್ಧ ಅವರ ಮನೆತನದ್ದು, ಹಳೇಕೋಟೆಯಲ್ಲಿ ಗೊಬ್ಬರದಂಗಡಿ ಬೇರೆ. ಅವರೇ ಮನೆಯ ಹತ್ತಿರ ಬಂದು, “ಒಟ್ಟಿಗೇ ಓಟು ಕೇಳನ ಕಣಮ್ಮ. ನಿನ್ ಕಡೆಯೋರು ನಂಗೆ, ನನ್ ಕಡೆಯೋರು ನಿಂಗೆ,” ಎಂದಿದ್ದರು. ಅದರಲ್ಲಿ ಲೆಕ್ಕಾಚಾರ ಇಲ್ಲದೆ ಇರಲಿಲ್ಲ. ಆದರೂ ಅವರು ಬಂದು ಜಗಲಿಯ ಮೇಲೆ ಕೂತು ನೀರು ಕೇಳಿ ಕುಡಿದದ್ದನ್ನು ಹುಚ್ಚಯ್ಯ ನಾಲ್ಕು ದಿನ ಹೇಳಿಕೊಂಡು ಓಡಾಡಿದ.

ಪೋಸ್ಟರು ಮಾಡಿದವನು ಹೊಳೆನರಸೀಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಅರುಣ್‌ಕುಮಾರ್. ಅವನಿಗೆ ಆ ಚುನಾವಣೆಯಲ್ಲಿ ಒಂದೇ ತಲೆನೋವು. ಮಾಸ್ಕ್ ಹಾಕಿದರೆ ಅಭ್ಯರ್ಥಿ ಯಾರೆಂದು ಗೊತ್ತಾಗುವುದಿಲ್ಲ. ತೆಗೆದರೆ, ‘ಮಾಸ್ಕ್ ಧರಿಸಿ’ ಎಂದು ಬರೆದ ಪೋಸ್ಟರಿನಲ್ಲೇ ಮಾಸ್ಕಿಲ್ಲದ ಮುಖ.

“ಗದ್ದಕ್ಕೆ ಇಳಿಸ್ಕಳಿ ಅಕ್ಕ,” ಎಂದ ಅವನು. “ಮಾಸ್ಕೂ ಕಾಣ್ತದೆ, ಮುಖಾನೂ ಕಾಣ್ತದೆ.”

ಹಾಗೆ ಕೈಮುಗಿದು ನಿಂತ ಧನಲಕ್ಷ್ಮಿ ಮತ್ತು ದೇವರಾಜು, ನಡುವೆ ಅವಳ ಗುರುತಾದ ಕುಕ್ಕರ್, ಕೆಳಗೆ ‘ನಿಮ್ಮ ಆರೋಗ್ಯವೇ ನಮ್ಮ ಗುರಿ’. ಬೆಳಗ್ಗೆ ಆರಕ್ಕೊಂದು, ಸಂಜೆ ಆರಕ್ಕೊಂದು ಗುಂಪಿಗೆ ಬೀಳುತ್ತಿತ್ತು. ಅವಳ ಎದುರಾಳಿ ಮಾದಮ್ಮನ ಕಡೆಯಿಂದಲೂ ಬೀಳುತ್ತಿತ್ತು. ಮಾದಮ್ಮ ಅದೇ ಕೇರಿಯವಳು, ಐವತ್ತು ದಾಟಿದ ಕೂಲಿ ಹೆಂಗಸು, ನಾಟಿ ಕೊಯ್ಲಿಗೆ ಇಪ್ಪತ್ತು ಆಳು ಕಟ್ಟಿಕೊಂಡು ಹೋಗುವ ಗಟ್ಟಿಗಿತ್ತಿ. ಅವಳಿಗೆ ಫೋನು ಕಿವಿಗಿಟ್ಟು ಮಾತಾಡುವುದಷ್ಟೇ ಗೊತ್ತು. ಪೋಸ್ಟರು ಗೀಸ್ಟರು ಎಲ್ಲ ಅವಳ ಅಣ್ಣನ ಮಗ ದಿಲೀಪನದು. ಅವಳ ಗುರುತು ಆಟೋ.

ಮತದಾನಕ್ಕೆ ಹತ್ತು ದಿನವಿದ್ದಾಗ ಧನಲಕ್ಷ್ಮಿ ಮನೆ ಮನೆ ಸುತ್ತಲು ಹೊರಟಳು. ಸರ್ಕಾರಿ ನೌಕರನಾದ್ದರಿಂದ ಕೀರ್ತಿರಾಜ್ ಪ್ರಚಾರಕ್ಕೆ ಬರುವಂತಿರಲಿಲ್ಲ. ಚೀಟಿಯ ಕಟ್ಟು ಹಿಡಿದು ಜೊತೆಗೆ ನಡೆದವನು ಮಾವ. ಮೊದಲ ದಿನವೇ ದೇವರಾಜು ತಮ್ಮ ಮನೆಗೆ ಕರೆದೊಯ್ದರು. ಧನಲಕ್ಷ್ಮಿ ಮದುವೆಯಾಗಿ ಬಂದು ಹನ್ನೆರಡು ವರ್ಷವಾಗಿತ್ತು, ಆ ಮನೆಯ ಕಣದವರೆಗೆ ಹೋಗಿದ್ದಳು, ರವಿಕೆಯ ಅಳತೆಗೆ ಹಿತ್ತಿಲವರೆಗೂ ಹೋಗಿದ್ದಳು. ಈ ಸಲ ಬಾಗಿಲಲ್ಲಿ ನಿಂತವಳನ್ನು ದೇವರಾಜುವಿನ ತಾಯಿ ದೊಡ್ಡಮ್ಮ ಒಳಗಿಂದಲೇ ಕರೆದರು.

“ಯಾಕವ್ವ ಅಲ್ಲೇ ನಿಂತ್ಕಂಡೆ? ಬಾ ಒಳಕ್ಕೆ. ಕುಂತ್ಕೊ.”

ಎಪ್ಪತ್ತನಾಲ್ಕರ ಮುದುಕಿ. ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಲೋಟದಲ್ಲಿ ಕಾಫಿ ಕೊಡಿಸಿದರು. ಹುಚ್ಚಯ್ಯ ಗೋಡೆಗೆ ಆತುಕೊಂಡು ನಿಂತೇ ಇದ್ದ. ಅವನನ್ನೂ ಕೂರಿಸಿದರು. ಧನಲಕ್ಷ್ಮಿ ಕಾಫಿಗಾಗಿ ಮಾಸ್ಕ್ ಇಳಿಸಿದಳು, ದೇವರಾಜುವಿನ ಮಗಳು ಸ್ಪಂದನಾ ಫೋಟೋ ತೆಗೆದಳು, ಆ ಫೋಟೋ ಸಂಜೆಯ ಪೋಸ್ಟರಾಯಿತು. ಅರ್ಧ ಗಂಟೆ ಕೂತಿದ್ದರು. ಹೊರಗೆ ಬಂದ ಮೇಲೆ ಹುಚ್ಚಯ್ಯ ಕೇರಿಯ ತಿರುವಿನವರೆಗೂ ಎದೆ ಮುಂದೆ ಮಾಡಿಕೊಂಡು ನಡೆದ. ಆಮೇಲಿನ ದಿನಗಳಲ್ಲಿ ಇನ್ನೂ ಎರಡು ಮೂರು ಸಲ ಆ ಮನೆಯಲ್ಲಿ ಕೂತು ಚೀಟಿ ಎಣಿಸಿದರು.

ಐದು ದಿನ ಉಳಿದಿದ್ದಾಗ ಹುಚ್ಚಯ್ಯನಿಗೆ ಮೈ ಬಿಸಿಯಾಯಿತು. ಬಿಸಿಲಲ್ಲಿ ತಿರುಗಿದ್ದು ಎಂದುಕೊಂಡ. ಮಧ್ಯಾಹ್ನ ಮುದ್ದೆ ಮುರಿದು ಬಸ್ಸಾರಿಗೆ ಅದ್ದಿ ಬಾಯಿಗಿಟ್ಟವನು, “ಉಪ್ಪೇ ಹಾಕಿಲ್ವೇನವ್ವ ಸೊಪ್ಪಿಗೆ?” ಎಂದ. ಧನಲಕ್ಷ್ಮಿ ರುಚಿ ನೋಡಿದಳು. ಉಪ್ಪಿತ್ತು. ಅವಳ ಕೈ ಅಲ್ಲೇ ನಿಂತಿತು.

ಮರುದಿನ ಬೆಳಗ್ಗೆ ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಇಬ್ಬರ ಮೂಗಿಗೂ ಕಡ್ಡಿ ಹಾಕಿದರು. ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಇಬ್ಬರಿಗೂ ಇತ್ತು. ಅವಳಿಗೆ ಗಂಟಲು ಕೆರೆತ ಬಿಟ್ಟರೆ ಏನಿಲ್ಲ. ಮಾವನ ಬೆರಳಿಗೆ ಸಿಕ್ಕಿಸಿದ, ಆಕ್ಸಿಜನ್ ಅಳೆಯುವ ಡಬ್ಬಿ ಎಂಬತ್ತೊಂಬತ್ತು ತೋರಿಸಿತು. ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕರೆದೊಯ್ದರು, ಜೊತೆಗೆ ಯಾರನ್ನೂ ಬಿಡಲಿಲ್ಲ. ಬಾಗಿಲು ಮುಚ್ಚುವಾಗ ಹುಚ್ಚಯ್ಯ, “ಉಳಿದ ಚೀಟಿ ಬೀರು ಮ್ಯಾಲಿದಾವೆ,” ಎಂದಷ್ಟೇ ಹೇಳಿದ.

ನರ್ಸ್ ಒಂದು ಹಾಳೆ ತೆಗೆದು ಕೇಳಿದರು. “ಒಂದು ವಾರದಿಂದ ಯಾರ ಯಾರ ಹತ್ರ ಇದ್ರಿ?”

“ಮನೇಲಿ ನಮ್ಮನೆಯೋರು ಒಬ್ರೇ. ಮಗಳು ಚನ್ನರಾಯಪಟ್ಟಣದಲ್ಲಿ ನಮ್ಮವ್ವನ ಹತ್ರ ಅವ್ಳೆ,” ಎಂದಳು ಧನಲಕ್ಷ್ಮಿ. “ಆದ್ರೆ ಓಟು ಕೇಳಕ್ಕೆ ಓಗಿದ್ದೆ ಮೇಡಂ. ಐವತ್ತರವತ್ತು ಮನೆ.”

ನರ್ಸ್ ಪೆನ್ನು ಕೆಳಗಿಟ್ಟರು. “ಅಷ್ಟು ಮನೆಗೆ ಹೋಗೋಕೆ ನಮ್ಮಲ್ಲಿ ಜನ ಎಲ್ಲವ್ರೆ? ಅರ್ಧ ಜನ ಎಲೆಕ್ಷನ್ ಡ್ಯೂಟೀಲಿ ಅವ್ರೆ. ನೀವೇ ಹೇಳಿದ್ರೆ ಬೇಗ ಆಗ್ತದೆ.”

ಮನೆಗೆ ಬಂದು ಒಳಕೋಣೆ ಸೇರಿದಳು. ಕೀರ್ತಿರಾಜನನ್ನೂ ಕರೆಸಿ ಕಡ್ಡಿ ಹಾಕಿದ್ದರು, ಅವನಿಗೆ ಇಲ್ಲವೆಂದು ಬಂದಿತ್ತು, ಆದರೂ ಅವನು ಹತ್ತು ದಿನ ಹೊರಗೆ ಹೋಗುವಂತಿರಲಿಲ್ಲ. ಪಡಸಾಲೆಯಲ್ಲಿ ಹಾಸಿಕೊಂಡ. ಅವನಿಗೆ ಬರುತ್ತಿದ್ದ ಅಡಿಗೆ ಉಪ್ಪಿಟ್ಟು ಒಂದೇ. ಅದನ್ನೇ ಮಾಡಿ ತಟ್ಟೆಯನ್ನು ಕೋಣೆಯ ಬಾಗಿಲಲ್ಲಿಟ್ಟು ಹಿಂದೆ ಸರಿದು ನಿಂತ.

ಅವಳು ಮೊದಲು ಫೋನು ಮಾಡಿದ್ದು ದೇವರಾಜುವಿಗೆ.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು, “ನೋಡು ಧನಮ್ಮ, ನಾಲ್ಕು ದಿನ. ನಾಲ್ಕೇ ದಿನ. ಮಾವಂಗೆ ಮೈ ಸರಿಯಿಲ್ಲ, ಆಸ್ಪತ್ರೇಲವ್ನೆ ಅಂತ ಹೇಳನ. ಸುಳ್ಳೇನಲ್ವಲ್ಲ. ಪ್ರಚಾರ ನಾನು ನೋಡ್ಕತೀನಿ, ನೀನು ಮನೇಲಿರು. ಓಟು ಆದ ದಿನ ಸಂಜೆ ಹೇಳ್ಬುಡನ.”

“ಅಣ್ಣ, ಅಮ್ಮಾರ ಪಕ್ಕ ಅರ್ಧ ಗಂಟೆ ಕೂತಿದ್ದೆ ನಾನು. ಅವರನ್ನ ಇವತ್ತೇ ಟೆಸ್ಟಿಗೆ ಕರ್ಕೊಂಡೋಗಿ.”

“ನಮ್ಮವ್ವ ಕಲ್ಲುಗುಂಡಿನಂಗವ್ಳೆ. ನೆಗಡಿ ಅಷ್ಟೆ. ನೀನು ಗುಂಪಿಗೆ ಗಿಂಪಿಗೆ ಏನೂ ಹಾಕ್ಬ್ಯಾಡ. ನಿನ್ನ ಮನೆಗೆ ಸೇರಿಸ್ಕಂಡು ಇಂಗಾಯ್ತು ಅಂತ ನಮ್ಮೋರೇ ನನ್ನ ಆಡ್ಕತಾರೆ. ಅರ್ಥ ಮಾಡ್ಕೊ.”

ಅವರು ಕೆಟ್ಟದಾಗಿ ಹೇಳಲಿಲ್ಲ. ಕೇಳಿಕೊಳ್ಳುವ ದನಿಯಲ್ಲೇ ಹೇಳಿದರು. ಆದರೆ ‘ಸೇರಿಸ್ಕಂಡು’ ಅನ್ನುವ ಮಾತು ಅವಳೊಳಗೆ ಮುಳ್ಳಿನ ಹಾಗೆ ನಿಂತಿತು. ಅದಕ್ಕಿಂತ ಹೆಚ್ಚಾಗಿ ‘ನೆಗಡಿ ಅಷ್ಟೆ’ ಅನ್ನುವ ಮಾತು.

“ಏನ್ ಮಾಡ್ಲಿ?” ಎಂದು ಬಾಗಿಲಿನಾಚೆಯ ಗಂಡನನ್ನು ಕೇಳಿದಳು.

ಕೀರ್ತಿರಾಜ್ ಬೇಗ ಉತ್ತರ ಕೊಡುವವನಲ್ಲ. “ಗೆಲ್ಲಬೇಕು ಅಂತ ನಿಂಗೆ ಎಷ್ಟು ಆಸೆ ಅದೆ?” ಎಂದ.

“ಬಾಳ ಅದೆ,” ಎಂದಳು. ಅದು ನಿಜ. ಕೇರಿಯ ಚರಂಡಿ, ಅಂಗನವಾಡಿಯ ಸೋರುವ ಸೂರು, ಎಲ್ಲವನ್ನೂ ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಪಂಚಾಯ್ತಿಯ ಮೀಟಿಂಗಿನಲ್ಲಿ ಕುರ್ಚಿಯ ಮೇಲೆ ಕೂತು ಅದನ್ನು ಓದುವುದನ್ನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದಳು.

“ಅಂಗಾದ್ರೆ ಕಷ್ಟನೇ,” ಎಂದ ಅವನು. ಆಮೇಲೆ, “ನಮ್ಮಪ್ಪಂಗೆ ಇದು ಯಾರಿಂದ ಬಂತೋ, ಅವರು ಒಂದು ಮಾತು ಹೇಳಿದ್ರೆ ನಾವು ಎರಡು ದಿನ ಮೊದ್ಲೇ ಆಸ್ಪತ್ರೆಗೆ ಓಯ್ತಿದ್ವಿ ಅನ್ಸುತ್ತೆ ನಂಗೆ. ಅಷ್ಟೆ. ನೀನು ಏನ್ ಮಾಡಿದ್ರೂ ನಂದು ಅಡ್ಡಿಯಿಲ್ಲ.”

ಮಧ್ಯಾಹ್ನ ಎರಡು ಗಂಟೆಗೆ ಅವಳು ಫೋನು ಕೈಗೆತ್ತಿಕೊಂಡಳು. ಮೊದಲ ಸಲ ದನಿ ನಡುಗಿತು, ಅಳಿಸಿದಳು. ಎರಡನೆಯ ಸಲ ಎಲ್ಲ ಸರಿಯಾಗಿ ಹೇಳಿ ಕೊನೆಯಲ್ಲಿ ವಾಡಿಕೆಯ ಬಲದಿಂದ “ನಿಮ್ಮ ಅಮೂಲ್ಯ ಮತ ಕುಕ್ಕರ್ ಗುರುತಿಗೆ” ಎಂದುಬಿಟ್ಟಳು. ಅದನ್ನು ಕೇಳಿಸಿಕೊಂಡಾಗ ಅವಳಿಗೇ ನಾಚಿಕೆಯಾಯಿತು. ನಾಲ್ಕನೆಯ ಸಲ ಹೇಳಿದ್ದನ್ನು ಕಳಿಸಿದಳು.

“ನಮಸ್ಕಾರ. ನಾನು ಧನಲಕ್ಷ್ಮಿ, ಹುಚ್ಚಯ್ಯನ ಸೊಸೆ. ಇದು ಓಟಿನ ಮೆಸೇಜಲ್ಲ. ಇವತ್ತು ಬೆಳಿಗ್ಗೆ ನಮ್ಮ ಮಾವಂಗೂ ನಂಗೂ ಕೊರೊನಾ ಅದೆ ಅಂತ ಗೊತ್ತಾಯ್ತು. ಮಾವನ್ನ ಹಾಸನಕ್ಕೆ ಕರ್ಕೊಂಡೋಗವ್ರೆ. ನಾನು ಮನೇಲೇ ಇವ್ನಿ. ಒಂದು ವಾರದಿಂದ ನಾವಿಬ್ರೂ ನಿಮ್ ಮನೆಗಳಿಗೆ ಬಂದಿದ್ವಿ. ಕೈಗೆ ಚೀಟಿ ಕೊಟ್ಟಿದೀವಿ. ಕೆಲವು ಮನೇಲಿ ಕೂತು ಕಾಫಿ ಕುಡಿದಿದೀವಿ. ಫೋಟೋಗೆ ಅಂತ ನಾನು ಮಾಸ್ಕ್ ಇಳಿಸಿದ್ದೂ ಉಂಟು. ಅದು ನನ್ ತಪ್ಪು. ನಾಳೆ ನಾಡಿದ್ದು ಹಳೇಕೋಟೆ ಆಸ್ಪತ್ರೇಲಿ ಟೆಸ್ಟ್ ಮಾಡ್ತಾರೆ. ಅರವತ್ತು ದಾಟಿದೋರು ಮೊದ್ಲು ಓಗಿ. ಜ್ವರ ಇಲ್ದಿದ್ರೂ ಓಗಿ. ಬೈಯೋದಿದ್ರೆ ಆಮ್ಯಾಕೆ ಬೈರಿ, ಮೊದ್ಲು ಓಗಿ.”

ಒಬ್ಬೊಬ್ಬರೇ ಕೇಳಿಸಿಕೊಂಡರು. ಯಾರೂ ಏನೂ ಬರೆಯಲಿಲ್ಲ. ಯಾವಾಗಲೂ ಕೈಮುಗಿಯುವ ಗುರುತುಗಳಿಂದ ತುಂಬಿರುತ್ತಿದ್ದ ಗುಂಪು ಒಂದು ಗಂಟೆ ಸತ್ತ ಹಾಗೆ ಬಿದ್ದಿತ್ತು.

ಸಂಜೆ ಆರಕ್ಕೆ ಅರುಣ್‌ಕುಮಾರನ ಪೋಸ್ಟರು ಬಂತು. ಅದರಲ್ಲಿ ದೇವರಾಜು ಒಬ್ಬರೇ ಇದ್ದರು. ಅವಳಿದ್ದ ಜಾಗದಲ್ಲಿ ಭತ್ತದ ತೆನೆಯ ಚಿತ್ರ. ಆರೂವರೆಗೆ ಇನ್ನೊಂದು ಬಂತು, ಇದು ದಿಲೀಪನದು. ದೊಡ್ಡಮ್ಮನ ಪಕ್ಕ ಕಾಫಿ ಲೋಟ ಹಿಡಿದು ಕೂತ ಅವಳದೇ ಫೋಟೋ. ಅವಳ ಮುಖದ ಸುತ್ತ ಮುಳ್ಳುಮುಳ್ಳಿನ ಕೆಂಪು ಚೆಂಡುಗಳು. ‘ಮನೆ ಮನೆಗೆ ರೋಗ ಹಂಚಿದವರಿಗೆ ನಿಮ್ಮ ಮತವೇ? ಯೋಚಿಸಿ.’ ಕೆಳಗೆ ಆಟೋ.

ಅದು ಎಷ್ಟು ಬೇಗ ಓಡಿತೆಂದರೆ, ಏಳು ಗಂಟೆಗೆ ಚನ್ನರಾಯಪಟ್ಟಣದಿಂದ ಅವಳ ತಾಯಿ ಪಾರ್ವತಮ್ಮ ಫೋನು ಮಾಡಿದಳು. “ಯಾವ ಗುಂಪಲ್ಲೋ ಬಂತಂತೆ, ಪಕ್ಕದ ಮನೆಯೋಳು ತಂದು ತೋರಿಸಿದ್ಲು. ನಿಂಗ್ಯಾಕೆ ಬೇಕಿತ್ತು ಮಗಳೆ ಎಲೆಕ್ಷನ್ನು? ಮಗೀಗೆ ತೋರಿಸ್ದೆ ಬಚ್ಚಿಟ್ಟೀನಿ,” ಎಂದು ಅತ್ತಳು. ತಾಯಿಗೆ ಸಮಾಧಾನ ಹೇಳಿ ಫೋನಿಟ್ಟ ಮೇಲೆ ಧನಲಕ್ಷ್ಮಿ ಗೋಡೆಯ ಕಡೆ ತಿರುಗಿ ಮಲಗಿದಳು. ಹೇಳದೆ ಇದ್ದಿದ್ದರೆ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ತುಂಬಾ ಸಲ ಅನ್ನಿಸಿತು.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಸ್ಪಂದನಾ ಫೋನು ಮಾಡಿದಳು. ಹಾಸನದಲ್ಲಿ ಡಿಗ್ರಿ ಓದುತ್ತಿದ್ದ ಹುಡುಗಿ, ಕಾಲೇಜು ಮುಚ್ಚಿದ್ದರಿಂದ ಊರಲ್ಲೇ ಇದ್ದಳು.

“ಅಕ್ಕ, ಅಜ್ಜಿಗೆ ಪಾಸಿಟಿವ್ ಬಂತು. ಹಾಸನಕ್ಕೆ ಕರ್ಕೊಂಡು ಹೋಗ್ತಿದಾರೆ. ಅಪ್ಪ ಆಂಬುಲೆನ್ಸ್ ಹಿಂದೆ ಕಾರಲ್ಲಿ ಹೋಗಿದಾರೆ.”

ಧನಲಕ್ಷ್ಮಿ ಎದ್ದು ಕೂತಳು. “ಎಂಗವ್ರೆ?”

“ಮಾತಾಡ್ತಾನೇ ಇದಾರೆ. ಆದ್ರೆ ಆಕ್ಸಿಜನ್ ತೊಂಬತ್ತಕ್ಕಿಂತ ಕಮ್ಮಿ ಇತ್ತಂತೆ. ಅವರಿಗೆ ಗೊತ್ತೇ ಆಗಿಲ್ಲ. ನಿನ್ನೆ ಅಪ್ಪ ಬ್ಯಾಡ ಅಂತಾನೇ ಇದ್ರು. ಬೆಳಿಗ್ಗೆ ನಾನು ನಿಮ್ಮ ಮೆಸೇಜ್ ಹಾಕಿ ಕೇಳಿಸ್ದೆ. ಅಜ್ಜಿ ಎರಡು ಸಲ ಕೇಳಿದ್ರು. ಆಮೇಲೆ ಅಪ್ಪಂಗೆ, ‘ನಡೀಲಾ ದೇವರಾಜ, ಕಾರು ತೆಗಿ. ಆ ಮಗ ತನ್ ಓಟು ಕಳ್ಕಂಡು ಹೇಳೈತೆ, ಸುಮ್ಕೆ ಹೇಳಿರಾಕಿಲ್ಲ’ ಅಂದ್ರು.”

ಆ ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಸುದ್ದಿ ಹರಡಿ, ದೇವರಾಜುವಿನ ಮನೆಯವರೇ ಹೋದರೆಂದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹಳೇಕೋಟೆಯ ದಾರಿ ಹಿಡಿದರು. ಎಲ್ಲರೂ ಅಲ್ಲ. ಮಾದಮ್ಮನ ಕಡೆಯ ಕೆಲವರು, ಇದೆಲ್ಲ ಅಯ್ಯೋ ಪಾಪ ಅನ್ನಿಸಿಕೊಳ್ಳಲು ಹೂಡಿದ ನಾಟಕ ಎಂದು ಮನೆಯಲ್ಲೇ ಉಳಿದರು.

ನಾಲ್ಕು ಗಂಟೆಗೆ ರಸ್ತೆಯಿಂದ ಯಾರೋ ಕರೆದಂತಾಯಿತು. ಧನಲಕ್ಷ್ಮಿ ಕೋಣೆಯ ಕಿಟಕಿ ತೆರೆದು ನೋಡಿದಳು. ರೋಗದ ಮನೆಯೆಂದು ಬಾಗಿಲಿಗೆ ಕಟ್ಟಿದ್ದ ಪಟ್ಟಿಯಾಚೆ, ಸೆರಗನ್ನು ಮೂಗು ಬಾಯಿಗೆ ಸುತ್ತಿಕೊಂಡು ಮಾದಮ್ಮ ನಿಂತಿದ್ದಳು. ಗದ್ದೆಯಿಂದ ಸೀದಾ ಬಂದಿರಬೇಕು, ಸೊಂಟದಲ್ಲಿ ಕುಡುಗೋಲು ಹಾಗೇ ಇತ್ತು.

“ಧನ, ಹುಚ್ಚಣ್ಣ ಎಂಗವ್ನೆ?”

“ಆಕ್ಸಿಜನ್ ಹಾಕವ್ರಂತೆ ಚಿಕ್ಕವ್ವ. ಪರವಾಗಿಲ್ಲ ಅಂದ್ರು.”

ಮಾದಮ್ಮ ತಲೆಯಾಡಿಸಿದಳು. ಏನೋ ಹೇಳಲು ಬಂದವಳು ಕಾಲಲ್ಲಿ ನೆಲ ಕೆದಕುತ್ತಾ ನಿಂತಳು. “ಅದ್ಯಾವುದೋ ಚಿತ್ರ ಹಾಕವ್ನಂತಲ್ಲ ದಿಲೀಪ. ನಂಗ್ ಗೊತ್ತಿಲ್ಲ ಕಣಮ್ಮಿ. ಇವತ್ತು ಕೊಯ್ಲಲ್ಲಿ ಹೆಣ್ಮಕ್ಕಳು ತೋರಿಸಿದ್ರು. ಮುಖದ ತುಂಬ ಮುಳ್ಳು ಮುಳ್ಳು. ನೋಡಕ್ಕಾಗ್ಲಿಲ್ಲ ನನ್ ಕೈಲಿ. ನಿನ್ ಬಾಣಂತನಕ್ಕೆ ನೀರು ಹುಯ್ದೋಳು ನಾನು.”

ಧನಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅವನಿಗೆ ಬೈದು ತೆಗೆಸ್ದೆ. ತೆಗೆದ್ರೆ ಏನಾಯ್ತು, ಊರೆಲ್ಲ ನೋಡ್ಬುಟ್ಟದೆ.” ಮಾದಮ್ಮ ರವಿಕೆಯೊಳಗಿಂದ ಫೋನು ತೆಗೆದಳು. “ನೀನು ಮಾತಾಡಿ ಕಳಿಸ್ತೀಯಲ್ಲ, ಅದು ಎಂಗೆ? ದಿಲೀಪನ್ನ ಕೇಳಿದ್ರೆ ಅವನು ಹೇಳ್ಕೊಡಲ್ಲ.”

ಹೀಗೆ, ಓಟಿಗೆ ಮೂರು ದಿನವಿರುವಾಗ, ಕಿಟಕಿಯೊಳಗಿಂದ ಒಬ್ಬಳು ಹೇಳಿಕೊಡುತ್ತಿದ್ದಂತೆ, ರಸ್ತೆಯಲ್ಲಿ ನಿಂತು ಇನ್ನೊಬ್ಬಳು ಕಲಿಯತೊಡಗಿದಳು.

“ಹಸಿರು ಚಿತ್ರ ಒತ್ತು ಚಿಕ್ಕವ್ವ. ನಮ್ಮೂರಿನ ಗುಂಪು ಮ್ಯಾಗೇ ಇರ್ತದೆ. ಕೆಳಗೆ ಮೈಕು ಕಾಣ್ತದಾ? ಅದನ್ನ ಒತ್ತಿ ಹಿಡ್ಕೊಂಡೇ ಮಾತಾಡು. ಬೆಳ್ಳು ತೆಗೀಬ್ಯಾಡ.”

ಮೂರು ಸಲ ಬೆರಳು ಜಾರಿತು. ನಾಲ್ಕನೆಯ ಸಲ ಮಾದಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು, ಗದ್ದೆಯ ಆ ತುದಿಯ ಆಳಿಗೆ ಕೂಗುವ ಹಾಗೆ ಮಾತಾಡಿದಳು.

“ನಾನು ಮಾದಮ್ಮ. ಆ ಮುಳ್ಳಿನ ಚಿತ್ರ ನಂದಲ್ಲ. ಹಾಕಿದ್ದು ತಪ್ಪು. ಧನ ಹೇಳಿದ್ದು ಸರಿಯಾಗದೆ. ನಾನೂ ನಾಳೆ ಬೆಳಿಗ್ಗೆ ಮೂಗಿಗೆ ಕಡ್ಡಿ ಹಾಕಿಸ್ಕತೀನಿ. ನನ್ ಆಳುಗಳೆಲ್ಲ ನನ್ ಜೊತೇಲೇ ಬರಬೇಕು. ಬರದೆ ಇದ್ದೋರು ನಾಳಿದ್ದು ಕೊಯ್ಲಿಗೂ ಬರಬ್ಯಾಡಿ. ಓಟು ಯಾರಿಗಾರ ಹಾಕ್ಕಳಿ.” ಬೆರಳು ತೆಗೆಯುವ ಮೊದಲು, “ನಂಗೇ ಹಾಕಿ,” ಎಂದಳು.

ಧನಲಕ್ಷ್ಮಿಗೆ ಎರಡು ದಿನದಲ್ಲಿ ಮೊದಲ ಸಲ ನಗು ಬಂತು. ಒಳಗೆ ಉಪ್ಪಿಟ್ಟು ಕೆದಕುತ್ತಿದ್ದ ಕೀರ್ತಿರಾಜನೂ ನಕ್ಕ.

ಮರುದಿನ ಬೆಳಗ್ಗೆ ಮಾದಮ್ಮ ಇಪ್ಪತ್ತಮೂರು ಜನರನ್ನು ಎರಡು ಟೆಂಪೋದಲ್ಲಿ ದೂರ ದೂರ ಕೂರಿಸಿ ಕರೆದುಕೊಂಡು ಹೋದಳು. ಮತದಾನದ ಹಿಂದಿನ ದಿನದೊಳಗೆ ಆ ವಾರ್ಡಿನಲ್ಲಿ ಧನಲಕ್ಷ್ಮಿಯನ್ನು ಬಿಟ್ಟು ಎಂಟು ಜನಕ್ಕೆ ರೋಗವಿದೆ ಎಂದು ಗೊತ್ತಾಯಿತು. ಐವರು ಅರವತ್ತು ದಾಟಿದವರು. ಎಲ್ಲರೂ ಏದುಸಿರು ಬಿಡುವ ಮೊದಲೇ ಆಸ್ಪತ್ರೆ ಸೇರಿದರು.

ಒಬ್ಬ ಮಾತ್ರ ಲೆಕ್ಕಕ್ಕೇ ಸಿಗಲಿಲ್ಲ. ದನದ ವ್ಯಾಪಾರದ ತಮ್ಮಯ್ಯ ಜ್ವರವನ್ನು ಮುಚ್ಚಿಟ್ಟುಕೊಂಡಿದ್ದ. ಗೊತ್ತಾದರೆ ಓಟು ಹಾಕಲು ಬಿಡುವುದಿಲ್ಲ ಎಂದು ಅವನಿಗೆ ಯಾರೋ ಹೇಳಿದ್ದರು. ಓಟಿನ ಹಕ್ಕು ಬಂದಾಗಿನಿಂದ ಒಂದು ಓಟೂ ತಪ್ಪಿಸಿದವನಲ್ಲ. ಮತದಾನದ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಹಾಕಿಹೋದ. ನಾಲ್ಕನೆಯ ದಿನ ಹಾಸನದ ದಾರಿಯಲ್ಲೇ ತೀರಿಕೊಂಡ. ಅವನ ಮನೆಗೆ ಧನಲಕ್ಷ್ಮಿಯೂ ಹೋಗಿದ್ದಳು, ದಿಲೀಪನೂ ಹೋಗಿದ್ದ, ತಮ್ಮಯ್ಯ ತಾನೇ ಸಂತೆಗೂ ಹೋಗಿದ್ದ. ಯಾರಿಂದ ಬಂತೆಂದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದು ಎಂಬುದೇ ಧನಲಕ್ಷ್ಮಿಯನ್ನು ಬಹಳ ದಿನ ಸುಟ್ಟಿತು.

ರೋಗ ಇದ್ದವರಿಗೂ ಕೊನೆಯ ಒಂದು ಗಂಟೆ ಓಟು ಹಾಕಲು ಅವಕಾಶವಿತ್ತು. ಅದನ್ನು ಪಾಪ ತಮ್ಮಯ್ಯನಿಗೆ ಯಾರೂ ಹೇಳಿರಲಿಲ್ಲ. ನಾಲ್ಕು ಗಂಟೆಗೆ ಆಂಬುಲೆನ್ಸು ಬಂದು ಧನಲಕ್ಷ್ಮಿಯನ್ನು ಶಾಲೆಯ ಮುಂದೆ ಇಳಿಸಿತು. ತಲೆಯಿಂದ ಕಾಲಿನವರೆಗೆ ಬಿಳಿಯ ಪ್ಲಾಸ್ಟಿಕ್ ಅಂಗಿ, ಕಣ್ಣಿಗೆ ಕನ್ನಡಕ. ಚುನಾವಣಾ ಸಿಬ್ಬಂದಿಯೂ ಅದೇ ವೇಷದಲ್ಲಿದ್ದರು. ಐದಾರು ದಿನ ಮುಖ ತೋರಿಸಲು ಊರೆಲ್ಲ ತಿರುಗಿದವಳಿಗೆ ಈಗ ಮುಖವೇ ಇರಲಿಲ್ಲ. ಬೇಲಿಯಾಚೆ ನಿಂತಿದ್ದ ಜನ ಇವಳು ಯಾರೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅಷ್ಟರಲ್ಲಿ ಅಧಿಕಾರಿ ಹೆಸರು ಕೇಳಿದರು, ಅವಳು ಹೇಳಿದಳು. ದನಿ ಕೇಳಿದ್ದೇ ಬೇಲಿಯಿಂದ ಯಾರೋ ಮುದುಕಿ, “ನಮ್ ಧನ ಕಣೇ ಅದು,” ಎಂದದ್ದು ಅವಳಿಗೆ ಆ ಪ್ಲಾಸ್ಟಿಕ್ಕಿನೊಳಗೂ ಕೇಳಿಸಿತು. ಮತಪತ್ರದ ಮೇಲೆ ಕುಕ್ಕರಿನ ಮುಂದೆ ಮುದ್ರೆ ಒತ್ತುವಾಗ ಕೈ ಬೆವರಿ ಗವಸಿನೊಳಗೆ ಜಾರುತ್ತಿತ್ತು.

ಎಣಿಕೆಯ ದಿನ ಫಲಿತಾಂಶ ಬಂದದ್ದೂ ಅದೇ ಗುಂಪಿನಲ್ಲೇ. ಸಾಮಾನ್ಯ ಸೀಟಿಗೆ ದೇವರಾಜು ಗೆದ್ದಿದ್ದರು. ಮೀಸಲು ಸೀಟಿನಲ್ಲಿ ಮಾದಮ್ಮ ಹದಿನೇಳು ಓಟಿನಿಂದ ಗೆದ್ದಿದ್ದಳು.

ಧನಲಕ್ಷ್ಮಿ ಅದನ್ನು ಓದಿ ಫೋನು ಬೋರಲು ಹಾಕಿದಳು. “ಆ ಮೆಸೇಜ್ ಕೇಳಿ ಜನ ಚಿಕ್ಕವ್ವಂಗೆ ಹಾಕವ್ರೆ. ಮಾತಾಡೋದು ಕಲ್ಸಿದ್ದು ನಾನೇ,” ಎಂದಳು. ದನಿಯಲ್ಲಿ ಕಹಿ ಇತ್ತು. ಅದನ್ನು ಅವಳು ಮುಚ್ಚಲೂ ಇಲ್ಲ.

“ಕೆಲವರು ಅದಕ್ಕೇ ಹಾಕಿರಬೌದು,” ಎಂದ ಕೀರ್ತಿರಾಜ್. “ಕೆಲವರು ಭಯಕ್ಕೆ ನಿನ್ನ ಬಿಟ್ಟಿರಬೌದು. ಹದಿನೇಳು ಜನ, ಯಾರು ಅಂತ ಹುಡುಕ್ತೀಯ?”

“ಹುಡುಕಲ್ಲ. ಆದ್ರೆ ಹೊಟ್ಟೆ ಉರೀತದೆ ಕಣ್ರಿ.”

“ಉರೀಲಿ,” ಎಂದ ಅವನು. ಆ ದಿನ ಅವನು ಉಪ್ಪಿಟ್ಟಿನ ಬದಲು ಚಿತ್ರಾನ್ನ ಮಾಡಲು ಹೋಗಿ ತಳ ಹಿಡಿಸಿದ್ದ. ಅವಳು ಬಾಗಿಲಿನ ಈಚೆ ಕೂತು ಅದನ್ನೇ ತಿನ್ನುತ್ತಾ ಅತ್ತಳು. ಅವನು ಆಚೆ ಕೂತು ಅವಳ ಅಳು ಮುಗಿಯುವವರೆಗೂ ಕಾದ.

ಹುಚ್ಚಯ್ಯ ಹದಿಮೂರು ದಿನದ ಮೇಲೆ ಮನೆಗೆ ಬಂದ. ಸೊರಗಿ ಕಡ್ಡಿಯಾಗಿದ್ದ. ಫಲಿತಾಂಶ ಕೇಳಿ, “ನಂದೊಂದು ಓಟು ತಪ್ಪೋಯ್ತಲ್ಲವ್ವ,” ಎಂದು ಕೈ ಹಿಸುಕಿಕೊಂಡ. ದೊಡ್ಡಮ್ಮ ಅವನಿಗಿಂತ ನಾಲ್ಕು ದಿನ ತಡವಾಗಿ ಬಂದರು. ಅವರನ್ನು ಇಳಿಸಿದ ಸಂಜೆಯೇ ದೇವರಾಜು ಬಂದು ಜಗಲಿಯ ಮೇಲೆ ಕೂತರು. ಬಹಳ ಹೊತ್ತು ಭತ್ತದ ಇಳುವರಿಯ ಬಗ್ಗೆ ಮಾತಾಡಿದರು. ಏಳುವಾಗ ಚಪ್ಪಲಿಯನ್ನೇ ನೋಡುತ್ತಾ, “ಇನ್ನೆರಡು ದಿನ ತಡ ಆಗಿದ್ರೆ ಉಳೀತಿರಲಿಲ್ಲ ಅಂದ್ರು ಡಾಕ್ಟ್ರು. ಆ ಪೋಸ್ಟರಿಂದ ನಿನ್ನ ತೆಗೆಸ್ಬಾರ್ದಾಗಿತ್ತು ನಾನು,” ಎಂದರು. ಅವಳು, “ಆಯ್ತು ಬಿಡಿ ಅಣ್ಣ,” ಎಂದಳು. ಪೂರ್ತಿ ಆಗಿರಲಿಲ್ಲ. ಆದರೆ ಅವರು ಬಂದು ಹೇಳಿದ್ದಕ್ಕೆ ಎದೆಯ ಭಾರ ಒಂದಿಷ್ಟು ಇಳಿದದ್ದು ನಿಜ.

ನಾಲ್ಕು ತಿಂಗಳಿಗೆ ಎರಡನೆಯ ಅಲೆ ಬಂತು. ಈ ಸಲದ್ದು ಹಿಂದಿನದರ ಹಾಗಲ್ಲ. ಹಾಸನದಲ್ಲಿ ಹಾಸಿಗೆ ಸಿಗುತ್ತಿರಲಿಲ್ಲ. ಊರಿನ ಗುಂಪಿನಲ್ಲಿ ಮತ್ತೆ ಅರಿಶಿನ, ನಿಂಬೆ, ಆವಿ ಶುರುವಾದವು. ಒಂದು ಬೆಳಗ್ಗೆ ಮಾದಮ್ಮ ಬಂದು, ಈ ಸಲ ಒಳಗೇ ಬಂದು, ಹೊಲಿಗೆ ಮಿಷನ್ನಿನ ಮುಂದೆ ಕೂತಳು. ಕೈಯಲ್ಲಿ ಪಂಚಾಯ್ತಿಯಿಂದ ಬಂದ ಕಾಗದ.

“ಇದನ್ನ ಓದಿ ಗುಂಪಿಗೆ ಹೇಳ್ಬುಡು.”

“ಮೆಂಬರ್ ನೀನಲ್ವ ಚಿಕ್ಕವ್ವ? ನೀನೇ ಹೇಳು. ಮಾತಾಡಕ್ಕೆ ಬತ್ತದಲ್ಲ ಈಗ.”

ಮಾದಮ್ಮ ಆ ಚುಚ್ಚುಮಾತನ್ನು ನುಂಗಿಕೊಂಡಳು. “ಮಾತು ಬತ್ತದೆ. ಓದಕ್ಕೆ ಬರಲ್ವಲ್ಲ. ಎಷ್ಟು ಗಂಟೆಗೆ ಲಸಿಕೆ, ಯಾರಿಗೆ ಫೋನ್ ಮಾಡ್ಬೇಕು, ಒಂದು ಅಂಕಿ ತಪ್ಪು ಹೇಳಿದ್ರೆ ಜನ ಸತ್ತೋಯ್ತಾರೆ ಕಣಮ್ಮಿ. ನಾನು ತಮ್ಮಯ್ಯನ ಮನೇಲಿ ನೋಡಿವ್ನಿ.”

ಧನಲಕ್ಷ್ಮಿ ಕಾಗದ ತೆಗೆದುಕೊಂಡು ಎರಡು ಸಲ ಓದಿದಳು. ಒಂದು ನಂಬರು ಮಸುಕಾಗಿತ್ತು. ಹಳೇಕೋಟೆ ಆಸ್ಪತ್ರೆಗೆ ಫೋನು ಮಾಡಿ ಸರಿಯಾದದ್ದನ್ನು ಕೇಳಿ ಬರೆದುಕೊಂಡಳು. ಚರಂಡಿ, ಅಂಗನವಾಡಿಯ ಬಗ್ಗೆ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ತೆಗೆದು, “ಇದನ್ನೂ ಒಯ್ಯಿ. ಮುಂದಿನ ಮೀಟಿಂಗಲ್ಲಿ ಕೇಳು,” ಎಂದಳು.

“ಓದೋರು ಯಾರು? ಬಾ ನೀನೂ. ಕುರ್ಚಿ ಖಾಲಿ ಇರ್ತವೆ.”

ಆಮೇಲೆ ಇಬ್ಬರೂ ಒಂದೇ ಫೋನಿನ ಮುಂದೆ ಬಾಗಿದರು. ಮೊದಲು ಮಾದಮ್ಮ, “ನಾನು ನಿಮ್ಮ ಮೆಂಬರ್ ಮಾದಮ್ಮ, ಧನ ಹೇಳ್ತಾಳೆ, ಎಲ್ರೂ ಕಿವಿಗೊಟ್ಟು ಕೇಳಿ,” ಎಂದು ಗದರಿದಳು. ಧನಲಕ್ಷ್ಮಿ ನಂಬರುಗಳನ್ನು ನಿಧಾನವಾಗಿ, ಬಿಡಿಬಿಡಿಯಾಗಿ, ಎರಡೆರಡು ಸಲ ಹೇಳಿದಳು.

ಮೇ ತಿಂಗಳಿಡೀ ಅದು ನಡೆಯಿತು. ಆ ವಾರ್ಡಿನಿಂದ ಹನ್ನೊಂದು ಜನ ಆಸ್ಪತ್ರೆಗೆ ಹೋದರು, ಹತ್ತು ಜನ ವಾಪಸು ಬಂದರು. ಬಾರದವನು ದಿಲೀಪನ ತಂದೆ ನಂಜಪ್ಪ, ಮಾದಮ್ಮನ ಅಣ್ಣ. ಮಣ್ಣು ಮಾಡಿ ಬಂದ ಮರುದಿನ ಧನಲಕ್ಷ್ಮಿ ಆ ಮನೆಯ ಅಂಗಳದಲ್ಲಿ ಮಾಸ್ಕ್ ಸರಿಯಾಗಿ ಕಟ್ಟಿಕೊಂಡು ದೂರದಲ್ಲಿ ನಿಂತಳು. ದಿಲೀಪ ತಲೆಯೆತ್ತಲಿಲ್ಲ. ಅವಳು ತಂದಿದ್ದ ಗಂಜಿಯ ಕ್ಯಾರಿಯರನ್ನು ಮೆಟ್ಟಿಲ ಮೇಲಿಟ್ಟು, “ನಿಂದೂ ನಿಮ್ಮವ್ವಂದೂ ನಾಳೆ ಟೆಸ್ಟಿಗೆ ಹೆಸ್ರು ಬರ್ಸಿದೀನಿ ಕಣಪ್ಪ. ಹತ್ತು ಗಂಟೆಗೆ ಗಾಡಿ ಬತ್ತದೆ,” ಎಂದಳು.

ಅವನು ಹ್ಞೂಂ ಎಂದ.